ಹತ್ತು ನಿಮಿಷದ ಓದುಗರು

ಮದ್ದೂರಿನ ಬಸ್ ನಿಲ್ದಾಣದಲ್ಲಿ ಮಳವಳ್ಳಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ, ಓದುಗರನ್ನು ನೋಡಲು ಹೊರಟವನು ಬರಿಗೈಯಲ್ಲಿ ಹೋಗುವುದು ಸರಿಯಲ್ಲವೆಂದು ರಾಜೇಂದ್ರನಿಗೆ ಅನ್ನಿಸಿ, ಹತ್ತು ವಡೆ ಕಟ್ಟಿಸಿಕೊಂಡ. ಕಟ್ಟಿಸಿಕೊಂಡ ಮೇಲೆ ಹತ್ತು ಸಾಕಾಗುವುದೇ ಎಂಬ ಯೋಚನೆ ಶುರುವಾಯಿತು. ಮಳವಳ್ಳಿಯಲ್ಲಿ ಅವನಿಗೆ ದಿನಕ್ಕೆ ನಲವತ್ತು ಜನ ಓದುಗರಿದ್ದರು. ನಲವತ್ತು ಜನಕ್ಕೆ ಹತ್ತು ವಡೆ ಎಂದರೆ ನಾಲ್ವರಿಗೆ ಒಂದು. ಮುರಿದು ಹಂಚಿದರೆ ಪ್ರಸಾದದ ಹಾಗೆ ಕಾಣುತ್ತದೆ, ಹಂಚದಿದ್ದರೆ ಜಿಪುಣ ಲೇಖಕ ಎನ್ನುತ್ತಾರೆ. ಇನ್ನೂ ಮೂವತ್ತು ಕಟ್ಟಿಸಿಕೊಂಡರೆ ಮದುವೆ ಮನೆಗೆ ಹೊರಟ ಅಡಿಗೆಯವನಂತೆ ಬಸ್ಸು ಹತ್ತಬೇಕು. ಅದೂ ಅಲ್ಲದೆ, ಲೇಖಕನಾದವನು ಓದುಗರಿಗೆ ವಡೆ ಒಯ್ಯುವ ಪದ್ಧತಿ ಇದೆಯೋ, ಓದುಗರೇ ಲೇಖಕನಿಗೆ ಏನಾದರೂ ತರಬೇಕೋ, ಯಾರನ್ನು ಕೇಳುವುದು? ಐವತ್ತನೆಯ ವಯಸ್ಸಿನಲ್ಲಿ ಮೊದಲ ಸಲ ಓದುಗರು ಸಿಕ್ಕಿದವನಿಗೆ ಇದರಲ್ಲಿ ಅನುಭವವಿರಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು. ವಡೆಯ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು ಹತ್ತಿ ಕಿಟಕಿ ಪಕ್ಕ ಕೂತ.

ಮಂಡ್ಯದ ಬಳಿಯ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದ ಕಚೇರಿಯಲ್ಲಿ ಗುಮಾಸ್ತನಾದ ಅವನು ಹನ್ನೆರಡು ವರ್ಷದಿಂದ ‘ನಾಲೆ ಏರಿ’ ಎಂಬ ಬ್ಲಾಗು ಬರೆಯುತ್ತಿದ್ದ. ತಿಂಗಳಿಗೆ ಎರಡು ಬರಹ. ಏರಿಯ ಮೇಲಿನ ಹೊಂಗೆ ಮರ, ಕಬ್ಬಿನ ಗರಿಯ ಸದ್ದು, ಮನುಷ್ಯನ ಒಂಟಿತನ, ಮತ್ತೆ ಹೊಂಗೆ ಮರ. ಯಾವ ಊರಿನಿಂದ ಎಷ್ಟು ಜನ ಯಾವಾಗ ಬಂದು ಎಷ್ಟು ಹೊತ್ತು ಓದಿದರೆಂದು ತೋರಿಸುವ ಕೌಂಟರ್ ಒಂದನ್ನು ಬ್ಲಾಗಿನ ಮೂಲೆಯಲ್ಲಿ ಹಾಕಿಕೊಂಡಿದ್ದ. ಅದು ಯಾವತ್ತೂ ಒಂಬತ್ತು ದಾಟಿರಲಿಲ್ಲ. ಆ ಒಂಬತ್ತರಲ್ಲಿ ಐದು ಸಲ ಅವನೇ, ಕಚೇರಿಯಿಂದ ಮೂರು, ಮನೆಯಿಂದ ಎರಡು. ಇನ್ನೊಂದು ಹೆಂಡತಿ ನಾಗಶ್ರೀ. ಅವಳು ತೆರೆದು ಮುಚ್ಚುತ್ತಿದ್ದಳು. ‘ಓದ್ದೆ ಕಣ್ರೀ, ಚೆನ್ನಾಗದೆ’ ಎಂದು ಒಮ್ಮೆ ಅವನು ಇನ್ನೂ ಹಾಕದೇ ಇದ್ದ ಬರಹದ ಬಗ್ಗೆಯೂ ಹೇಳಿದ್ದಳು. ಉಳಿದ ಮೂವರು ಯಾರೆಂದು ಗೊತ್ತಿರಲಿಲ್ಲ. ಆ ಮೂವರನ್ನು ನೆಚ್ಚಿಕೊಂಡೇ ಹನ್ನೆರಡು ವರ್ಷ ಬರೆದಿದ್ದ. ಪಕ್ಕದ ಮೇಜಿನ ಪ್ರೀತಂ, ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನು, ಗದ್ದೆ ಬದುವಿನಲ್ಲಿ ಇಲಿ ಹಿಡಿಯುವ ವೀಡಿಯೊ ಹಾಕಿದ್ದನ್ನು ಎರಡು ಲಕ್ಷ ಜನ ನೋಡಿದ್ದರು. ರಾಜೇಂದ್ರ ಸಂಕೋಚ ಬಿಟ್ಟು ತನ್ನ ಬ್ಲಾಗು ತೋರಿಸಿದಾಗ ಪ್ರೀತಂ ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ಎಳೆದಾಡಿ, ‘ಓದೋದಾ ಸಾರ್? ಬರೀ ಓದೋದಾ? ಮಧ್ಯದಲ್ಲಿ ಏನಾರ ಓಡ್ಬೇಕು ಸಾರ್, ಇಲಿನೋ ಮೊಲನೋ’ ಎಂದಿದ್ದ. ರಾಜೇಂದ್ರ ನಕ್ಕಿದ್ದ. ಆದರೆ ಎರಡು ಲಕ್ಷ ಜನ ನೋಡಿದ ಆ ಇಲಿಯ ಮುಖ ಊಟದ ಹೊತ್ತಿನಲ್ಲೂ ನೆನಪಾಗಿ ಹೊಟ್ಟೆ ಉರಿಯುತ್ತಿತ್ತು.

ಹದಿಮೂರು ದಿನದ ಕೆಳಗೆ ‘ಮೂರು ದಿನ’ ಎಂಬ ಬರಹ ಹಾಕಿದ. ಮಾರನೆಯ ದಿನ ಎಂದಿನಂತೆ ಎಂಟು. ಅದರ ಮಾರನೆಯ ದಿನ ಮಳವಳ್ಳಿಯಿಂದ ನಲವತ್ತು. ಕನ್ನಡಕ ಒರೆಸಿಕೊಂಡು ನೋಡಿದ, ನಲವತ್ತೇ. ಮರುದಿನವೂ ನಲವತ್ತು. ಭಾನುವಾರ ಒಬ್ಬರೂ ಇಲ್ಲ, ಅವನಿಗೆ ಜ್ವರ ಬಂದಂತಾಯಿತು. ಸೋಮವಾರ ಮತ್ತೆ ನಲವತ್ತು. ಕಚೇರಿ ಕೆಲಸ ಬಿಟ್ಟು ಆ ಅಂಕಿಗಳನ್ನೇ ನೋಡುತ್ತ ಕೂತಾಗ ಒಂದೊಂದೇ ತಿಳಿಯಿತು. ಬೆಳಿಗ್ಗೆ ಆರೂವರೆಗೆ ಇಪ್ಪತ್ತು ಜನ, ಸಂಜೆ ಐದಕ್ಕೆ ಇಪ್ಪತ್ತು ಜನ, ಒಟ್ಟಿಗೇ ಬಂದು ಒಟ್ಟಿಗೇ ಹೋಗುತ್ತಿದ್ದರು. ಒಬ್ಬೊಬ್ಬರೂ ಸರಿಯಾಗಿ ಹತ್ತು ನಿಮಿಷ ಓದುತ್ತಿದ್ದರು. ಹನ್ನೊಂದಿಲ್ಲ, ಒಂಬತ್ತಿಲ್ಲ. ಒಂದೇ ಬರಹವನ್ನು ಇಪ್ಪತ್ತಿಪ್ಪತ್ತು ಜನ ದಿನಾ ಎರಡು ಹೊತ್ತು ಓದುತ್ತಾರೆಂದರೆ ಅದು ಪಾರಾಯಣವಲ್ಲದೆ ಇನ್ನೇನು? ಯಾವುದೋ ಜಗಲಿಯ ಮೇಲೆ ಚಾಪೆ ಹಾಸಿ, ಸ್ನಾನ ಮಾಡಿ ಬಂದ ಇಪ್ಪತ್ತು ಜನ ಸಾಲಾಗಿ ಕೂತು ತನ್ನ ವಾಕ್ಯಗಳನ್ನು ಓದಿ ನಿಟ್ಟುಸಿರು ಬಿಡುವುದನ್ನು ಅವನು ಕಣ್ಣಾರೆ ಕಂಡಂತೆ ಕಂಡ. ನಾಗಶ್ರೀಗೆ ಹೇಳಿದರೆ ಅವಳು ಸೊಪ್ಪು ಬಿಡಿಸುತ್ತ, ‘ಮಳವಳ್ಳೀಲಾ? ನಿಮ್ ಮೀಟ್ರು ಕೆಟ್ಟೋಗಿರ್ಬೇಕು ನೋಡಿ’ ಎಂದಳು. ಮೀಟರು ಕೆಟ್ಟಿಲ್ಲವೆಂಬುದಕ್ಕೆ ಸಾಕ್ಷಿಯಾಗಿ ಮಂಗಳವಾರ ಬರಹದ ಕೆಳಗೆ ಒಂದು ಕಾಮೆಂಟು ಬಂತು. ‘ನಿಮ್ಮ ಬರಹದಿಂದ ನಮ್ಮಲ್ಲಿ ಎಲ್ಲರಿಗೂ ಬಹಳ ಅನುಕೂಲವಾಗಿದೆ. ಆದರೆ ಬೇಗ ಮುಗಿದುಹೋಗುತ್ತದೆ. ದಯವಿಟ್ಟು ಇನ್ನೊಂದು ಪ್ಯಾರಾ ಸೇರಿಸಿ. ಅರುಂಧತಿ, ಮೈತ್ರಿ ಇನ್‌ಸ್ಟಿಟ್ಯೂಟ್, ಬಸ್ ನಿಲ್ದಾಣದ ಹಿಂಭಾಗ, ಮಳವಳ್ಳಿ.’ ಬೇಗ ಮುಗಿದುಹೋಗುತ್ತದೆ! ಹನ್ನೆರಡು ವರ್ಷದಲ್ಲಿ ಅವನ ಬರಹ ಬೇಗ ಮುಗಿಯಿತೆಂದು ಕೊರಗಿದವರು ಯಾರಿದ್ದರು? ಆ ಕಾಮೆಂಟನ್ನು ಅವನು ದಿನಕ್ಕೆ ನಲವತ್ತು ಸಲ ಓದಿದ. ಇವತ್ತು ಎರಡನೇ ಶನಿವಾರ, ಕಚೇರಿಗೆ ರಜೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೊರಟುಬಿಟ್ಟ.

ಸಂತೋಷವೇ ಆಗಿತ್ತು. ಆದರೆ ಸಂತೋಷದ ಕೆಳಗೆ ಹೆದರಿಕೆಯೂ ಇತ್ತು, ಬಸ್ಸು ಹತ್ತಿದ ಮೇಲೆ ಯಾವುದು ಮೇಲೆ ಯಾವುದು ಕೆಳಗೆ ಎಂದು ತಿಳಿಯದಂತಾಯಿತು. ಮಳವಳ್ಳಿಯಲ್ಲಿ ಅವನ ತಂಗಿ ಕುಸುಮ ಇದ್ದಳು. ಮೋಟಾರು ರಿಪೇರಿ ಅಂಗಡಿಯ ಚಲುವರಾಜುವಿಗೆ ಕೊಟ್ಟು ಇಪ್ಪತ್ತೈದು ವರ್ಷವಾಗಿತ್ತು. ‘ಮೂರು ದಿನ’ ಅವಳ ವಿಷಯವೇ ಆಗಿತ್ತು. ಹೆಸರು ಹಾಕಿರಲಿಲ್ಲ, ‘ಒಬ್ಬ ಹುಡುಗ’, ‘ಅವನ ತಂಗಿ’ ಎಂದಷ್ಟೇ ಬರೆದಿದ್ದ. ಕುಸುಮಳ ಹತ್ತಿರ ಇದ್ದದ್ದು ಬಟನ್ ಒತ್ತುವ ಹಳೆ ಫೋನು. ಅವಳು ಈ ಜನ್ಮದಲ್ಲಿ ಬ್ಲಾಗು ತೆರೆಯಲಾರಳು ಎಂಬ ಧೈರ್ಯದ ಮೇಲೆಯೇ ಬರೆದಿದ್ದ. ಒಬ್ಬಳಿಗೆ ಹೇಳಬೇಕಾದದ್ದನ್ನು ಅವಳೊಬ್ಬಳನ್ನು ಬಿಟ್ಟು ಲೋಕಕ್ಕೆಲ್ಲ ಹೇಳಿದ್ದ. ಲೋಕ ಎಂದರೆ ಒಂಬತ್ತು ಜನ ಎಂದುಕೊಂಡಿದ್ದ. ಈಗ ಅವಳ ಊರಿನಲ್ಲೇ ನಲವತ್ತು ಜನ ದಿನಾ ಓದುತ್ತಿದ್ದರೆ, ಅವರಲ್ಲಿ ಒಬ್ಬರಾದರೂ ಸಂತೆಯಲ್ಲಿ ಅವಳ ಪಕ್ಕ ನಿಂತು ಬದನೆಕಾಯಿ ಆರಿಸುತ್ತ ಹೇಳಿರುವುದಿಲ್ಲವೇ?

ಇಪ್ಪತ್ತಾರು ವರ್ಷದ ಕೆಳಗೆ, ದುದ್ದದ ಹತ್ತಿರ ಅವರ ಊರಿನ ನಾಲೆ ಏರಿಯ ಮೇಲೆ ಅವನು ಕೂತಿದ್ದ. ಬಿ.ಎ. ಮುಗಿದು ಎರಡು ವರ್ಷವಾಗಿ, ಕೂರುವುದನ್ನು ಬಿಟ್ಟು ಬೇರೆ ಕೆಲಸವಿರಲಿಲ್ಲ. ಸೈಕಲ್ ಮೇಲೆ ಬಂದ ಪೋಸ್ಟಿನವರು ಇಳಿಯದೆ ಒಂದು ಕಾಲು ಊರಿ, ‘ನಿನ್ ತಂಗಿಗೆ ಕಣಪ್ಪ, ಸರ್ಕಾರಿ ಕಾಗ್ದ’ ಎಂದು ಕೊಟ್ಟು ಹೋದರು. ಕುಸುಮ ಪಿಯುಸಿ ಓದಿ, ಮಂಡ್ಯಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಟೈಪಿಂಗ್ ಕಲಿತು ಸೀನಿಯರ್ ಪಾಸು ಮಾಡಿದ್ದಳು. ಇಬ್ಬರೂ ಅರ್ಜಿ ಹಾಕಿದ್ದರು, ಅವನು ಗುಮಾಸ್ತನ ಕೆಲಸಕ್ಕೆ, ಅವಳು ಟೈಪಿಸ್ಟ್ ಕೆಲಸಕ್ಕೆ. ಅವಳಿಗೆ ಮಾತ್ರ ಇಂಟರ್‌ವ್ಯೂಗೆ ಕರೆ ಬಂದಿತ್ತು. ಸಂಜೆ ಕೊಟ್ಟರಾಯಿತೆಂದು ಜೇಬಿನಲ್ಲಿ ಇಟ್ಟುಕೊಂಡ. ಸಂಜೆ ಅಪ್ಪ ಲಿಂಗಯ್ಯ ಮುದ್ದೆ ಮುರಿಯುತ್ತ ಅವ್ವ ಪುಟ್ಟಮಾದಮ್ಮನಿಗೆ ಹೇಳಿದ, ‘ಈ ಮನೇಲಿ ಕುರ್ಚಿ ಮ್ಯಾಲೆ ಕೂರದು ಅಂತಿದ್ರೆ ನನ್ ಮಗ್ಳೇ ಕಣಮ್ಮಿ. ಇವ್ನು ಬುಡು, ನಾಲೆ ಏರಿ ಮ್ಯಾಲೆ ಕೂರ್ತಾನೆ.’ ಕುಸುಮ ತಲೆ ತಗ್ಗಿಸಿ ಸಾರು ಬಡಿಸಿದಳು. ಅವನು ಜೇಬಿನ ಮೇಲೆ ಕೈ ಇಟ್ಟುಕೊಂಡು ಊಟ ಮಾಡಿದ.

ಬಸ್ಸು ಭಾರತೀನಗರದಲ್ಲಿ ನಿಂತುಬಿಟ್ಟಿತು. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಗಾಳಿಯಲ್ಲಿ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ. ಇದೇ ಊರಿನ ಕಾಲೇಜಿನಲ್ಲಿ ಅವನು ಓದಿದ್ದು, ಇದೇ ವಾಸನೆಯಲ್ಲಿ ತಾನು ದೊಡ್ಡ ಲೇಖಕನಾಗುತ್ತೇನೆಂದು ನಿಶ್ಚಯಿಸಿದ್ದು. ಎದುರು ಸೀಟಿನ ಹೆಂಗಸು ತಿರುಗಿ ತಿರುಗಿ ಅವನನ್ನು ನೋಡುತ್ತಿದ್ದಳು. ಓದಿದ್ದಾಳೆ ಎಂದುಕೊಂಡ. ನಲವತ್ತರಲ್ಲಿ ಒಬ್ಬಳು. ಛೀ ಎನ್ನುತ್ತಾಳೆ ಈಗ, ಬಸ್ಸಿನವರೆಲ್ಲರ ಎದುರು ಎದ್ದು ನಿಂತು, ತಂಗಿ ಅನ್ನ ಕಸಿದವನು ನೀನೇ ತಾನೆ ಎನ್ನುತ್ತಾಳೆ. ಅನ್ನಲಿ. ಅನ್ನಬೇಕೆಂದು ಅವನ ಆಸೆಯೂ ಆಗಿತ್ತು, ಬೈಯುವುದಕ್ಕಾದರೂ ಓದಿರಬೇಕಲ್ಲ. ಅವನು ಮುಖವನ್ನು ಒಂದಿಷ್ಟು ಪಶ್ಚಾತ್ತಾಪದ ಕಡೆಗೆ ತಿರುಗಿಸಿಕೊಂಡು ಕಾದ. ಹೆಂಗಸು ಕೊನೆಗೆ ಬಾಯಿಬಿಟ್ಟಳು. ‘ಅಣ್ಣಾ, ಎಣ್ಣೆ ಸೋರ್ತಾ ಅದೆ ನೋಡ್ಕೊಳಿ.’ ವಡೆಯ ಎಣ್ಣೆ ಪೊಟ್ಟಣ ದಾಟಿ ಬಿಳಿ ಅಂಗಿಯ ಜೇಬಿನ ಸುತ್ತ ಅಂಗೈಯಗಲ ಹರಡಿತ್ತು.

ಅಂಗಿಯ ಜೇಬು. ಅದೊಂದು ತೊಡಕು ಬರೆಯುವಾಗಲೂ ಕಾಡಿತ್ತು. ಕಾಗದ ಇದ್ದದ್ದು ನೀಲಿ ಅಂಗಿಯ ಜೇಬಿನಲ್ಲಿ. ಆಗ ಅವನಿಗೆ ಹೊರಗೆ ಹೋಗಲು ಇದ್ದದ್ದು ಅದೊಂದೇ ಅಂಗಿ, ಎರಡು ದಿನಕ್ಕೊಮ್ಮೆ ನಾಲೆಗೆ ಹೋಗಿ ಒಗೆಸಿಕೊಂಡು ಬರುತ್ತಿತ್ತು. ಹಾಗಾದರೆ ಕಾಗದ ನೆನೆದು ಮುದ್ದೆಯಾಗಲಿಲ್ಲವೇಕೆ? ಒಗೆಯಲು ಬಿಡುವ ಮುಂಚೆ ತಾನೇ ತೆಗೆದಿಡುತ್ತಿದ್ದನೆಂದು ಕಾಣುತ್ತದೆ, ನೆನಪಿರಲಿಲ್ಲ. ಒಣಗಿದ ಅಂಗಿ ತೊಟ್ಟಾಗಲೆಲ್ಲ ಕಾಗದ ಜೇಬಿನಲ್ಲೇ ಇದ್ದದ್ದು ಮಾತ್ರ ನೆನಪಿತ್ತು, ಮಡಿಕೆ ಕೂಡ ಮಾಸದಂತೆ. ಜಾಣ ಓದುಗನೊಬ್ಬ ಕೇಳಿಬಿಟ್ಟರೆ ಉತ್ತರವಿಲ್ಲವಲ್ಲ ಎಂದು ಬರಹದಲ್ಲಿ ಅದನ್ನು ಪ್ಯಾಂಟಿನ ಜೇಬು ಮಾಡಿದ. ಪ್ಯಾಂಟನ್ನು ಯಾರು ದಿನಾ ಒಗೆಯುತ್ತಾರೆ? ದಿನಗಳ ವಿಷಯವೂ ಹಾಗೆಯೇ. ಅವನು ಆ ಕಾಗದವನ್ನು ಇಟ್ಟುಕೊಂಡದ್ದು ಹನ್ನೊಂದು ದಿನ. ಹನ್ನೊಂದು ದಿನವೂ ಏರಿಯ ಮೇಲೆ ಕೂತು ತೆಗೆದು ಓದಿ ಮಡಿಚಿ ಇಟ್ಟುಕೊಂಡಿದ್ದ, ಹನ್ನೆರಡನೆಯ ದಿನ ಇಂಟರ್‌ವ್ಯೂ ಮುಗಿಯುವ ಹೊತ್ತಾದ ಮೇಲೆ ನಾಲೆಗೆ ಬಿಟ್ಟಿದ್ದ. ಮೊದಲ ಕರಡಿನಲ್ಲಿ ಹನ್ನೊಂದು ಎಂದೇ ಬರೆದಿದ್ದ. ಓದಿ ನೋಡಿದರೆ ಆ ಹುಡುಗ ಕಟುಕನಂತೆ ಕಂಡ, ಅಂಥವನ ಮೇಲೆ ಯಾರಿಗೆ ಕನಿಕರ ಬಂದೀತು? ಆರು ಮಾಡಿದ. ಆರು ದಿನ ಮರೆತನೆಂದರೆ ನಂಬುವುದು ಕಷ್ಟ. ಮೂರು ಮಾಡಿದ. ಮೂರು ದಿನ ಎಂದರೆ ಹುಡುಗ ಮನಸ್ಸಿನೊಳಗೆ ಹೋರಾಡಿದಂತೆಯೂ ಆಗುತ್ತದೆ, ಮರೆತಂತೆಯೂ ಆಗುತ್ತದೆ. ಬರಹಕ್ಕೆ ಕಲೆ ಬೇಕಲ್ಲ. ಹೆಸರಾಗಿಯೂ ಚೆನ್ನಾಗಿತ್ತು.

ಮಳವಳ್ಳಿ ಬಸ್ ನಿಲ್ದಾಣದ ಹಿಂದೆ, ಔಷಧಿ ಅಂಗಡಿಯ ಮೇಲೆ ‘ಮೈತ್ರಿ ಕಂಪ್ಯೂಟರ್ ಮತ್ತು ಟೈಪಿಂಗ್ ಇನ್‌ಸ್ಟಿಟ್ಯೂಟ್’ ಎಂಬ ಬೋರ್ಡು ಇತ್ತು. ರಾಜೇಂದ್ರ ಅದನ್ನು ಓದಿದ. ಓದಿಯೂ, ಪಾಠ ಮುಗಿದ ಮೇಲೆ ಓದುಗರ ಕೂಟ ಇಲ್ಲೇ ಸೇರುತ್ತದೆ ಎಂದುಕೊಂಡ. ಆಸೆ ಹಿಡಿದವನಿಗೆ ಬೋರ್ಡು ಕಂಡರೂ ಅಷ್ಟೇ. ಮೆಟ್ಟಿಲು ಹತ್ತಿದರೆ ಉದ್ದನೆಯ ಕೋಣೆ, ಎರಡು ಗೋಡೆಗೂ ಸಾಲಾಗಿ ಕಂಪ್ಯೂಟರುಗಳು, ಅವುಗಳ ಮುಂದೆ ಜಡೆ ಹಾಕಿದ ಹುಡುಗಿಯರ ಬೆನ್ನು. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು, ಯಾವ ಅಕ್ಷರಕ್ಕೆ ಯಾವ ಬೆರಳು ಎಂಬ ನಕ್ಷೆ. ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ನಲವತ್ತರ ಹೆಂಗಸೊಬ್ಬರು ಬಂದು, ‘ಯಾರ್ ಬೇಕಿತ್ತು?’ ಎಂದರು.

‘ನಾನು… ನಾಲೆ ಏರಿ.’

‘ನಾಲೆ ಆಫೀಸಾ? ಅದು ಹಿಂದಿನ ರಸ್ತೆ ಸಾರ್.’

‘ಅಲ್ಲ ಮೇಡಂ. ಬ್ಲಾಗು. “ಮೂರು ದಿನ” ಬರೆದಿರೋದು ನಾನೇ.’

ಅರುಂಧತಿಯವರ ಮುಖ ಅರಳಿತು. ಹನ್ನೆರಡು ವರ್ಷದಲ್ಲಿ ಅವನ ಬ್ಲಾಗಿನ ಹೆಸರು ಕೇಳಿ ಯಾರ ಮುಖವೂ ಹಾಗೆ ಅರಳಿದ್ದಿಲ್ಲ. ‘ಓ! ಮ್ಯಾಟ್ರು ಸಾರ್! ಬನ್ನಿ ಬನ್ನಿ. ಮಕ್ಳಾ, ಮ್ಯಾಟ್ರು ಸಾರ್ ಬಂದವ್ರೆ ನೋಡ್ರಿ.’ ಟೆಸ್ಟಿಗೆ ಬೆರಳು ಜೋಡಿಸಿ ಕೂತಿದ್ದ ಇಪ್ಪತ್ತು ಹುಡುಗಿಯರು ತಿರುಗದೆಯೇ ‘ನಮಸ್ತೆ ಸಾರ್’ ಎಂದರು. ಅವನಿಗೆ ಕುರ್ಚಿ ಎಳೆಯುತ್ತ ಅರುಂಧತಿ ವಿವರಿಸಿದರು. ಪರೀಕ್ಷೆಯಲ್ಲಿ ಹತ್ತು ನಿಮಿಷ ನಿಲ್ಲದೆ ಕನ್ನಡ ಟೈಪು ಮಾಡಬೇಕು, ಅಭ್ಯಾಸಕ್ಕೆ ಒಂದೇ ಮ್ಯಾಟರನ್ನು ಹದಿನೈದು ದಿನ ಹೊಡೆಸುತ್ತಾರೆ, ಬೆಳಿಗ್ಗೆ ಒಂದು ಬ್ಯಾಚು, ಸಂಜೆ ಒಂದು. ಶನಿವಾರ ಮಾತ್ರ ಈ ಹೊತ್ತಿನಲ್ಲೂ ಒಂದು ಟೆಸ್ಟು. ‘ಮುಂಚೆ ಪೇಪರಿಂದ ಕೊಡ್ತಿದ್ದೆ ಸಾರ್. ಕೊಲೆ, ಆಕ್ಸಿಡೆಂಟು, ಪ್ರೇಮಿಗಳು ಓಡೋಗಿದ್ದು. ಮಕ್ಳು ಟೈಪ್ ಮಾಡ್ತಾ ಮಾಡ್ತಾ ಓದಕ್ಕೆ ನಿಂತ್ಬುಡೋರು, ಸ್ಪೀಡು ಬಿದ್ದೋಗದು. ಒಬ್ಳಂತೂ ಅತ್ಬುಟ್ಲು. ನಿಮ್ದ್ರಲ್ಲಿ ಆ ತೊಂದ್ರೆನೇ ಇಲ್ಲ. ಶುರುವಿಂದ ಕೊನೆಗಂಟ ಎಲ್ಲೂ ಮನಸ್ಸು ತಡೆಯಲ್ಲ, ಬೆರಳು ಓಡ್ತಾನೇ ಇರ್ತವೆ. ಒತ್ತಕ್ಷರನೂ ಬೇಕಾದಷ್ಟಿವೆ. ಒಂದೇ ಕಷ್ಟ, ಒಂಬತ್ತು ನಿಮಿಷಕ್ಕೇ ಮುಗಿದೋಗ್ತದೆ. ಅದಕ್ಕೇ ಕಾಮೆಂಟ್ ಹಾಕಿದ್ದು.’

ರಾಜೇಂದ್ರ ಕೂತ ಕುರ್ಚಿ ಕೆಳಗಿಳಿಯುತ್ತಿದೆಯೆಂದು ಅನ್ನಿಸಿ ಅದರ ಕೈ ಹಿಡಿದುಕೊಂಡ. ಏನಾದರೂ ಹೇಳಬೇಕಿತ್ತು. ‘ಆ ತಂಗಿ ವಿಷಯ… ಇಂಟರ್‌ವ್ಯೂ ಕಾಗದದ ವಿಷಯ ಬರುತ್ತಲ್ಲ ಮೇಡಂ, ಅದರ ಬಗ್ಗೆ ಯಾರೂ ಏನೂ ಅನ್ನಲಿಲ್ವಾ?’ ಅರುಂಧತಿ ನೆನಪು ಮಾಡಿಕೊಳ್ಳಲು ಪ್ರಾಮಾಣಿಕವಾಗಿ ಪ್ರಯತ್ನಿಸಿದರು. ‘ಇಂಟರ್‌ವ್ಯೂ ಅನ್ನೋ ಪದ ಐದು ಸಲ ಬರ್ತದೆ ಸಾರ್. ಅದನ್ನ ಸುಮಾರು ಮಕ್ಳು ತಪ್ಪು ಹೊಡೀತಾರೆ.’ ಆಮೇಲೆ ಮೇಜಿನ ಮೇಲಿನ ಗಂಟೆ ಬಾರಿಸಿ ‘ಸ್ಟಾರ್ಟ್’ ಎಂದರು.

ತಗಡಿನ ಮೇಲೆ ಕಡಲೆಕಾಯಿ ಸುರಿದಂತೆ ಇಪ್ಪತ್ತು ಕೀಬೋರ್ಡುಗಳು ಒಟ್ಟಿಗೇ ಶುರುವಾದವು. ರಾಜೇಂದ್ರ ಎದ್ದು ಸಾಲುಗಳ ನಡುವೆ ನಡೆದ. ಇಪ್ಪತ್ತು ಪರದೆಗಳ ಮೇಲೂ ಅವನ ಪಾಪ ಸಾಲುಸಾಲಾಗಿ ಹುಟ್ಟುತ್ತಿತ್ತು, ಒಬ್ಬೊಬ್ಬರಲ್ಲಿ ಒಂದೊಂದು ವೇಗದಲ್ಲಿ. ಬಾಗಿಲ ಹತ್ತಿರದ ಹುಡುಗಿಯ ಪರದೆಯಲ್ಲಿ ಅವನು ಇನ್ನೂ ಏರಿಯ ಮೇಲೆ ಏನೂ ಅರಿಯದವನಂತೆ ಕೂತಿದ್ದ; ಪೋಸ್ಟಿನವರ ಸೈಕಲ್ಲು ಬಂದಿರಲಿಲ್ಲ. ಎರಡನೆಯವಳಲ್ಲಿ ಕಾಗದ ಕೈಗೆ ಬಂದಿತ್ತು. ಕಿಟಕಿ ಪಕ್ಕದ ಚುರುಕಿನ ಹುಡುಗಿ ಆಗಲೇ ಇಂಟರ್‌ವ್ಯೂ ದಿನ ದಾಟಿಸಿ ಅವನನ್ನು ಪಶ್ಚಾತ್ತಾಪದ ಪ್ಯಾರಾಕ್ಕೆ ತಂದುಬಿಟ್ಟಿದ್ದಳು. ಅವನಿಗೆ ಹಿಂದಕ್ಕೆ ಓಡಿ ಬಾಗಿಲ ಹತ್ತಿರದವಳ ಕೈ ಹಿಡಿದುಕೊಳ್ಳಬೇಕೆನ್ನಿಸಿತು. ಅವಳಲ್ಲಿ ಇನ್ನೂ ಹೊತ್ತಿತ್ತು, ಅವಳೊಬ್ಬಳು ನಿಲ್ಲಿಸಿದರೆ ಸಾಕಿತ್ತು. ಆದರೆ ಅವಳೂ ಹೊಡೆದಳು. ತನ್ನ ಬದುಕಿನಲ್ಲೇ ಅತ್ಯಂತ ಕಷ್ಟಪಟ್ಟು ಬರೆದ ವಾಕ್ಯ, ‘ಆ ಕಾಗದ ಹಾಗೆಯೇ ಉಳಿಯಿತು, ಅವನು ಉಳಿಯಲಿಲ್ಲ’ ಎಂಬುದು, ಒಬ್ಬಳ ಬೆರಳಿನಲ್ಲಿ ನಾಲ್ಕು ಸೆಕೆಂಡಿನಲ್ಲಿ ಮುಗಿಯಿತು. ಅವನು ಕೆಮ್ಮಿದ. ಯಾರೂ ತಿರುಗಲಿಲ್ಲ. ಮೂಲೆಯ ಹುಡುಗಿಯೊಬ್ಬಳು ಸರಿಯಾಗಿ ಆ ವಾಕ್ಯದ ಹತ್ತಿರ ಬಂದು ಕೈ ನಿಲ್ಲಿಸಿದಳು. ಅವನು ಅಲ್ಲೇ ನಿಂತು ಕಾದ. ಅವಳು ಹಿಮ್ಮಡಿ ಕೆರೆದುಕೊಂಡು ಮತ್ತೆ ಹೊಡೆಯತೊಡಗಿದಳು. ಪ್ರೀತಂನ ಇಲಿ ಎಷ್ಟೋ ವಾಸಿ ಎಂದು ರಾಜೇಂದ್ರನಿಗೆ ಅನ್ನಿಸಿತು. ಅದನ್ನು ಹಿಡಿಯುವಾಗ ಜನ ಹೋ ಎಂದಾದರೂ ಕೂಗುತ್ತಿದ್ದರು. ಒಂಬತ್ತು ನಿಮಿಷಕ್ಕೆ ಒಬ್ಬೊಬ್ಬರಾಗಿ ಮುಗಿಸಿ, ಉಳಿದ ಒಂದು ನಿಮಿಷ ಕೈಕಟ್ಟಿ ಕೂತರು. ಅದೊಂದು ನಿಮಿಷ ಅವನಿಗೆ ಶ್ರದ್ಧಾಂಜಲಿಯ ಮೌನದಂತೆ ಕೇಳಿಸಿತು.

ಗಂಟೆ ಬಾರಿಸಿದ ಮೇಲೆ ಹಿಮ್ಮಡಿ ಕೆರೆದುಕೊಂಡವಳು ತಿರುಗಿ, ‘ಅಯ್ಯೋ, ಮಾವ! ನಿಜ್ವಾಗ್ಲೂ ನೀವೇ ಬಂದ್ರಾ?’ ಎಂದಳು. ಕುಸುಮಳ ಮಗಳು ದೀಪಿಕ. ಎರಡು ವರ್ಷದ ಹಿಂದೆ ಸಂಬಂಧಿಕರ ಮದುವೆಯಲ್ಲಿ ನೋಡಿದ್ದು. ತಂಗಿಯ ಮನೆಗೆ ಹೋಗಿಬರುವುದನ್ನು ಅವನು ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡು ಬಂದಿದ್ದರಿಂದ, ಅವಳು ಡಿಗ್ರಿ ಮುಗಿಸಿ ಟೈಪಿಂಗಿಗೆ ಸೇರಿದ್ದು ಗೊತ್ತಿರಲಿಲ್ಲ. ದೀಪಿಕ ಹೆಮ್ಮೆಯಿಂದ ಗೆಳತಿಯರ ಕಡೆ ನೋಡಿ, ‘ನಾನೇ ಕಣ್ ಮಾವ ಮೇಡಂಗೆ ಯೋಳಿದ್ದು. ಮದ್ವೇಲಿ ಎಲ್ರಿಗೂ ಬ್ಲಾಗಿನ ಕಾರ್ಡ್ ಕೊಟ್ಟಿದ್ರಲ್ಲ? ನಮ್ ಮಾವ ಪಾಪ ಅಷ್ಟೊಂದು ಬರೀತಾರೆ, ಯಾರೂ ಓದಲ್ಲ, ನಾವು ಟೈಪಾದ್ರೂ ಮಾಡವ ಅಂತ’ ಎಂದಳು. ಅವಳ ಮುಖದಲ್ಲಿ ಕುಹಕವಿರಲಿಲ್ಲ, ಬರೀ ಪ್ರೀತಿ ಇತ್ತು. ಅದನ್ನು ಸಹಿಸುವುದು ಇನ್ನೂ ಕಷ್ಟವಾಯಿತು.

‘ನೀನು ಓದಿದ್ಯಾ?’ ಎಂದ.

‘ಟೈಪ್ ಮಾಡುವಾಗ ಓದ್ಬಾರ್ದು ಮಾವ. ಅರ್ಥ ಮಾಡ್ಕೊಳಕ್ಕೋದ್ರೆ ತಪ್ಪಾಯ್ತದೆ.’

ರಾಜೇಂದ್ರನ ಎದೆಯಿಂದ ಒಂದು ಕಲ್ಲು ಇಳಿಯಿತು. ಓದುಗರು ಯಾರೂ ಇರಲಿಲ್ಲ, ಒಬ್ಬರೂ ಇರಲಿಲ್ಲ. ಅವಮಾನವೇ ಸರಿ, ಆದರೆ ಕ್ಷೇಮ. ವಡೆಯನ್ನು ಇಲ್ಲೇ ಯಾರಿಗಾದರೂ ಕೊಟ್ಟು ಮುಂದಿನ ಬಸ್ಸಿಗೆ ಮಂಡ್ಯ ಸೇರಿದರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬಹುದು. ದೀಪಿಕ ಪ್ರಿಂಟು ತೆಗೆದ ಹಾಳೆಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ‘ಅದನ್ನ ಎಲ್ಲಿಗೆ ತಗೊಂಡೋಗ್ತೀಯ?’ ಎಂದು ಸುಮ್ಮನೆ ಕೇಳಿದ.

‘ಮನೆಗೆ. ದಿನಾ ತಕ್ಕೊಂಡೋಯ್ತೀನಲ್ಲ, ಅವ್ವ ತಿದ್ತದೆ. ಅವ್ವ ಸೀನಿಯರ್ ಪಾಸಲ್ವಾ? ಕೆಂಪು ಪೆನ್ನು ಇಟ್ಕಂಡು ಒಂದೊಂದು ತಪ್ಪಿಗೂ ಗುಂಡಾಕ್ತದೆ. ಮೇಡಂಗಿಂತ ಸ್ಟ್ರಿಕ್ಟು. ಬನ್ನಿ ಮಾವ, ಇಷ್ಟ್ ದೂರ ಬಂದು ಮನೆಗ್ ಬರ್ದೆ ಓದ್ರೆ ಅವ್ವ ನನ್ನ ಬುಟ್ಟಾಳಾ?’

ಆಮೇಲೆ ಅವನು ನಡೆದ ದಾರಿ ಅವನಿಗೆ ನೆನಪಿರಲಿಲ್ಲ. ದೀಪಿಕ ಮುಂದೆ ಮುಂದೆ ಮಾತಾಡುತ್ತ ಹೋಗುತ್ತಿದ್ದಳು, ಅವನು ಎಣ್ಣೆ ಹತ್ತಿದ ಎದೆಯನ್ನು ಪೊಟ್ಟಣದಿಂದ ಮುಚ್ಚಿಕೊಂಡು ಹಿಂದೆ ಹಿಂದೆ. ಹಾಳೆ ಮನೆಗೆ ಹೋಗತೊಡಗಿ ಹನ್ನೆರಡು ದಿನವಾಗಿರಬಹುದು ಎಂದು ಲೆಕ್ಕ ಹಾಕಿದ, ಭಾನುವಾರ ಬಿಟ್ಟರೆ ಹನ್ನೊಂದು ಹಾಳೆ. ಆ ಸಂಖ್ಯೆ ಅವನಿಗೆ ಹಿಡಿಸಲಿಲ್ಲ. ತಿದ್ದುವವರು ಅರ್ಥ ನೋಡುವುದಿಲ್ಲ, ಕಾಗುಣಿತ ನೋಡುತ್ತಾರೆ. ಹೆಸರೂ ಹಾಕಿಲ್ಲ. ಅದು ಯಾವ ತಂಗಿಯಾದರೂ ಆಗಬಹುದು, ಮಂಡ್ಯ ಜಿಲ್ಲೆಯಲ್ಲಿ ಟೈಪಿಂಗ್ ಕಲಿತ ತಂಗಿಯರಿಗೆ ಬರವೇ? ತಲೆನೋವೆಂದು ಹೇಳಿ ತಿರುಗಿಬಿಡಬಹುದಾದ ತಿರುವುಗಳೆಲ್ಲ ಒಂದೊಂದಾಗಿ ದಾಟಿಹೋದವು.

ಕುಸುಮ ನಡುಮನೆಯಲ್ಲಿ ಹೊಲಿಗೆ ಮಿಷನ್ ಮುಂದೆ ಯಾರದೋ ರವಿಕೆಗೆ ತೋಳು ಕೂರಿಸುತ್ತಿದ್ದಳು. ತಲೆಯೆತ್ತಿ ನೋಡಿ, ‘ಬಾ ಅಣ್ಣ’ ಎಂದಳು, ನಿನ್ನೆ ತಾನೆ ಬಂದು ಹೋದವನಿಗೆ ಹೇಳುವಂತೆ. ಎದ್ದು ನೀರು ಕೊಟ್ಟಳು. ಕೂದಲು ನರೆತಿತ್ತು. ನೀರು ಕೊಡುವಾಗ ಅವಳ ಬೆರಳುಗಳನ್ನು ಅವನು ನೋಡಿದ, ತುದಿಯಲ್ಲೆಲ್ಲ ಸೂಜಿ ಚುಚ್ಚಿದ ಗುರುತುಗಳು. ದೀಪಿಕ ಟೀ ಮಾಡಲು ಒಳಗೆ ಹೋದಳು.

‘ಅದೇನು ಕೈಯಲ್ಲಿ?’

‘ವಡೆ.’

‘ಯಾರ್ಗ್ ತಂದೆ?’

ಸುಳ್ಳು ಹೇಳಬಹುದಿತ್ತು, ನಿನಗೇ ಎನ್ನಬಹುದಿತ್ತು. ಬಾಯಿಗೆ ಬಂದದ್ದು, ‘ಓದೋರಿಗೆ ಅಂತ…’

‘ಅಂಗಾರೆ ಇಲ್ ಕೊಡು. ನಾನೇ ತಾನೆ’ ಎಂದು ಕುಸುಮ ಪೊಟ್ಟಣ ಬಿಚ್ಚಿ ಒಂದು ವಡೆ ಮುರಿದು ಬಾಯಿಗೆ ಹಾಕಿಕೊಂಡಳು. ಅಗಿಯುತ್ತಲೇ ಮಿಷನ್ನಿನ ಡ್ರಾಯರು ಎಳೆದು, ಪಿನ್ನು ಹಾಕಿದ ಹಾಳೆಗಳ ಕಟ್ಟನ್ನು ತೆಗೆದು ಅವನ ತೊಡೆಯ ಮೇಲೆ ಇಟ್ಟಳು. ಎಲ್ಲ ಹಾಳೆಗಳಲ್ಲೂ ಒಂದೇ ಬರಹ. ಮೊದಲನೆಯದರಲ್ಲಿ ಕೆಂಪು ಸುತ್ತುಗಳು ದಡಾರದಂತೆ ತುಂಬಿದ್ದವು, ಬರುಬರುತ್ತ ಕಮ್ಮಿಯಾಗಿದ್ದವು. ‘ಮ್ಯಾಟ್ರು ಚೆನ್ನಾಗದೆ. ಒತ್ತಕ್ಷರ ಒಸಿ ಜಾಸ್ತಿ, ಕಲಿಯೋರ್ಗೆ ಒಳ್ಳೇದೇ. ನಿನ್ನೇದು ನೋಡು ಕಡೇಲದೆ. ಏಳು ಗುಂಡಾಕೀನಿ. ದೀಪಿಕಂದು ಐದು.’ ಅವಳು ಬೆರಳಿಗಂಟಿದ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡಳು. ‘ನಿಂದು ಎರಡು.’

ಅವನು ನೋಡಿದ. ತಲೆಬರಹದ ‘ಮೂರು’ ಎಂಬುದಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ ‘ಹನ್ನೊಂದು’ ಎಂದು ಬರೆದಿತ್ತು. ಎರಡನೆಯ ಪ್ಯಾರಾದಲ್ಲಿ ‘ಪ್ಯಾಂಟಿನ’ ಎಂಬುದನ್ನು ಹೊಡೆದು ಹಾಕಿ, ‘ನೀಲಿ ಅಂಗಿಯ’. ಹಾಳೆಗಳನ್ನು ಹಿಂದಕ್ಕೆ ತಿರುಗಿಸಿದ. ಎಲ್ಲದರಲ್ಲೂ ಅದೇ ಎರಡು, ಮೊದಲನೆಯ ದಿನದಿಂದ. ಮಗಳ ತಪ್ಪುಗಳು ದಿನದಿನಕ್ಕೆ ಬೇರೆಯಾಗಿದ್ದವು. ಅವೆರಡು ಮಾತ್ರ ಅಲ್ಲಲ್ಲೇ ಕೂತಿದ್ದವು.

‘ಕತೆ ಕಣವ್ವ ಅದು’ ಎಂದ. ‘ಕತೇಲಿ ಒಸಿ ಇಂಗೆಲ್ಲ ಬದ್ಲಾಯಿಸ್ಬೇಕಾಯ್ತದೆ…’

‘ಕತೆನೇ ಇರ್ಲಿ. ಒಗೀತಿದ್ದೋಳು ನಾನಲ್ವಾ?’ ಕುಸುಮ ಮತ್ತೆ ಮಿಷನ್ ಮುಂದೆ ಕೂತು ರವಿಕೆಯ ತೋಳನ್ನು ಸರಿಮಾಡಿಕೊಂಡಳು. ‘ಪೋಸ್ಟಿನೋರು ಅವತ್ತೇ ಯೋಳಿದ್ರು ನಂಗೆ, ನಿಮ್ಮಣ್ಣನ್ ಕೈಲಿ ಕೊಟ್ಟಿವ್ನಿ ಅಂತ. ನಾಲೆ ತಾವ ಜೇಬು ನೋಡುದ್ರೆ ಇತ್ತು. ತೆಗ್ದು ಕಲ್ ಮ್ಯಾಲೆ ಇಟ್ಟು, ಅಂಗಿ ಒಗ್ದು, ಒಣುಗುದ್ ಮ್ಯಾಲೆ ತಿರ್ಗ ಇಟ್ಟೆ. ಐದು ಸಲ ಒಗ್ದೆ. ಇವತ್ತು ಕೊಡ್ತಾನೆ, ನಾಳಿಕ್ಕೆ ಕೊಡ್ತಾನೆ ಅಂತಿದ್ದೆ.’

‘ಯಾಕ್ ಕೇಳ್ನಿಲ್ಲ ನೀನು?’

‘ನೀನ್ಯಾಕ್ ಕೊಡ್ನಿಲ್ಲ?’

ಅದರಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಂತಿತ್ತು, ಇಪ್ಪತ್ತಾರು ವರ್ಷ ಕೇಳಬೇಕೆಂದುಕೊಂಡು ಕೆಲಸದ ನಡುವೆ ಮರೆತದ್ದನ್ನು ಈಗ ಕೇಳಿದಂತೆ. ಅವನ ಬ್ಲಾಗಿನಲ್ಲಿ ಆ ಪ್ರಶ್ನೆಗೆ ಹೊಂಗೆ ಮರ, ಒಂಟಿತನ, ಮನುಷ್ಯನ ಒಳಗಿನ ಕತ್ತಲು ಎಂದು ನಾಲ್ಕು ಪ್ಯಾರಾ ಉತ್ತರವಿತ್ತು. ಆ ನಾಲ್ಕು ಪ್ಯಾರಾಗಳಲ್ಲಿ ಅವಳು ಒಂದು ಸುತ್ತನ್ನೂ ಹಾಕಿರಲಿಲ್ಲ, ಅಲ್ಲಿ ಕಾಗುಣಿತ ಸರಿಯಾಗಿತ್ತು. ‘ಹೊಟ್ಟೆಕಿಚ್ಚು ಕಣವ್ವ’ ಎಂದ ರಾಜೇಂದ್ರ. ಹೇಳಿದ ಮೇಲೆ ಅದು ಒಂದೇ ಮಾತಿನದಾಗಿತ್ತೆಂದು ತಿಳಿದು ಅವನಿಗೇ ಆಶ್ಚರ್ಯವಾಯಿತು. ಕುಸುಮ ಹೂಂ ಎಂದಳು. ಮಿಷನ್ ಒಂದು ಗೇಣು ಓಡಿ ನಿಂತಿತು.

ಅಷ್ಟರಲ್ಲಿ ದೀಪಿಕ ಟೀ ತಂದಳು. ‘ಮಾವ, ಮೇಡಂ ಫೋನ್ ಮಾಡಿದ್ರು. ನಿಮ್ನ ಕೇಳಕ್ಕೇ ಮರ್ತೋಯ್ತಂತೆ. ಆ ಒಂದ್ ಪ್ಯಾರಾ ಯಾವಾಗ ಕೊಡ್ತೀರ ಅಂತ.’

‘ಕೊಡ್ತಾನೆ ಬುಡು’ ಎಂದು ಕುಸುಮ ಮಗಳಿಗೆ ಹೇಳಿ, ಅಣ್ಣನ ಕಡೆ ತಿರುಗಿದಳು. ‘ಮೊದ್ಲು ಇರೋದ್ನ ತಿದ್ದು. ಉಡ್ಗೀರು ಸೋಮಾರನೂ ಅದ್ನೇ ಒಡೀಬೇಕು. ತಪ್ಪು ಮ್ಯಾಟ್ರು ಒಡ್ದು ಒಡ್ದು ಕೈಗೆ ಅದೇ ಕೂತ್ಕಬುಡ್ತದೆ.’

ಅವನು ಫೋನು ತೆಗೆದು ಬ್ಲಾಗು ತೆರೆದ. ಮೂಲೆಯ ಕೌಂಟರಿನಲ್ಲಿ ಮಳವಳ್ಳಿಯ ಎದುರು ಒಂದು ಅಂಕಿ ಏರಿತು, ಅದು ಅವನೇ. ತಲೆಬರಹದ ಮೇಲೆ ಬೆರಳಿಟ್ಟು ‘ಮೂರು’ ಎಂಬುದನ್ನು ಅಳಿಸಿದ. ‘ಹ’ ಒತ್ತಿದ. ಒತ್ತಕ್ಷರಕ್ಕೆ ಬಂದಾಗ ಎಣ್ಣೆಯ ಬೆರಳು ಜಾರಿ ಬೇರೇನೋ ಬಿತ್ತು, ಅದನ್ನೂ ಅಳಿಸಿದ. ಮತ್ತೆ ಒತ್ತಿದ, ಮತ್ತೆ ಜಾರಿತು. ಹೊತ್ತು ಹೋಗುತ್ತಿತ್ತು. ಒಂದು ಕಾಲಕ್ಕೆ ನಿಮಿಷಕ್ಕೆ ನಲವತ್ತೈದು ಪದ ಹೊಡೆಯುತ್ತಿದ್ದ ಕುಸುಮ ಕೈ ಚಾಚಿ ಫೋನು ಈಸಿಕೊಂಡು ತಾನೇ ಹೊಡೆದುಬಿಡುತ್ತಾಳೆ ಎಂದುಕೊಂಡ. ಅವಳು ಈಸಿಕೊಳ್ಳಲಿಲ್ಲ. ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು, ಅವನೇ ಮುಗಿಸುವವರೆಗೆ ಕಾಯುತ್ತ ಕೂತಳು.